ಮೆಳ್ಳೆಗಣ್ಣಿನ ಗಿಣಿ

ತಗಡಿನಲ್ಲಿ ಒಂದು ರಿವಿಟ್ ಇತ್ತು.
ಕತೆ ಶುರುವಾಗುವುದೇ ಅಲ್ಲಿಂದ.

ಚೌಕಿಪೇಟೆ, ತೊಂಬತ್ತೆಂಟರ ಮಾರ್ಚಿ ಬಿಸಿಲು,
ಏಣಿಯ ಆರನೇ ಮೆಟ್ಟಿಲಲ್ಲಿ ನಾನು, ಕೆಳಗೆ ಕೊಟ್ರಮ್ಮ:
"ಗಿಣಿ ಬರಿಯೋ ಹಾಲಪ್ಪ, ಬಾಯಾಗ ಕೆಂಪು ಮೆಣಸಿನಕಾಯಿ ಇರ್ಲಿ,
ಓದಾಕ ಬರದವ್ರೂ ನನ್ನ ಖಾರದ ಪುಡಿ ಗುರುತು ಹಿಡೀಬೇಕು."
ಕಣ್ಣು ಬರುವ ಜಾಗದಲ್ಲೇ ರಿವಿಟ್ಟಿನ ಗುಬುಟು.
ಬ್ರಷ್ಷು ಜಾರಿತು. ಕಣ್ಣು ಕೊಕ್ಕಿನ ಕಡೆ ವಾಲಿತು.
ಅರವತ್ತಕ್ಕೆ ಮಾತಾಗಿತ್ತು, ಐವತ್ತೈದು ಎಣಿಸಿದಳು:
"ಐದು, ಮೆಳ್ಳೆಗಣ್ಣಿಗೆ ಮುರಕೊಂಡೀನಿ."
ಬಾಲದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ
ತಾರೀಖು ಬರೆದು ಇಳಿದೆ. ಅದು ನಮ್ಮಪ್ಪ ಕಲಿಸಿದ ಚಟ.

ಗುರುತು ಬೇರೆ, ಉಪಾಯ ಬೇರೆ.
ಹಾಗಂತ ನನಗೆ ತಿಳಿದದ್ದು ದಾದಾಪೀರನಿಂದ,
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಮಾತಿಗಿಂತ ಮೊದಲು ಕೆಮ್ಮು ಕಲಿತವನು.
ಹಳೆ ಕೇಸಿಂಗ್ ಪೈಪು, ಸೈಕಲ್ ಚೈನು, ಎರಡು ಜರಡಿ:
ಮರಳು ತಾನಾಗಿ ಕೆಳಗಿಳಿದು
ಅರಳಿದ ಅಕ್ಕಿ ಮಾತ್ರ ಬಾಯಿಗೆ ಬರುವ ಡ್ರಮ್ಮು ಕಟ್ಟಿದ.
ಅವನ ತಾಯಿಯ ಭುಜದ ನೋವು ವಾರದಲ್ಲಿ ಇಳಿಯಿತು.
ಖುಷಿ ತಡೆಯಲಾರದೆ ಹೈಸ್ಕೂಲು ಮೈದಾನದ ಪ್ರದರ್ಶನದಲ್ಲಿ ನಿಲ್ಲಿಸಿ
ಬಂದಬಂದವರಿಗೆಲ್ಲ ಬಿಚ್ಚಿ ತೋರಿಸಿದ, ಮೂರು ದಿನ.
'ಹೊಸ ಶೋಧ' ಅಂತ ಬೋರ್ಡು ಬರೆದವನು ನಾನೇ.

ಒಂದೂವರೆ ವರ್ಷ ಬಿಟ್ಟು ಪೇಟೆಂಟಿಗೆ ಹೋದರೆ
ವಕೀಲೆ ಶಶಿರೇಖಾ ಕನ್ನಡಕ ತೆಗೆದು ಒರೆಸಿದರು.
"ಊರು ನೋಡಿದ್ದು ಹೊಸದಲ್ಲ, ಪೀರಣ್ಣ.
ಮೊದಲು ಅರ್ಜಿ, ಆಮೇಲೆ ಜಂಬ.
ಇದು ಸರ್ಕಾರದ ಜೊತೆಗಿನ ವ್ಯಾಪಾರ:
ಗುಟ್ಟೆಲ್ಲ ಬರೆದುಕೊಟ್ಟರೆ ಇಪ್ಪತ್ತು ವರ್ಷ ನಿನ್ನದು,
ಆಮೇಲೆ ಎಲ್ಲರದು.
ನೀನು ಇಪ್ಪತ್ತನ್ನೂ ಮೂರೇ ದಿನದಲ್ಲಿ ಹಂಚಿಬಿಟ್ಟೆ."
ಈಗ ಭಟ್ಟಿ ಸಾಲಿನಲ್ಲಿ ಹನ್ನೊಂದು ಡ್ರಮ್ಮು ತಿರುಗುತ್ತವೆ.
ಅವನು ಸೈಕಲ್ಲು ನಿಲ್ಲಿಸಿ ಸದ್ದು ಆಲಿಸಿ
ಯಾವುದಕ್ಕೆ ಎಣ್ಣೆ ಬೇಕೆಂದು ಕೂಗಿ ಹೇಳಿ ಹೋಗುತ್ತಾನೆ.

ಇನ್ನು ಹರಿಹರ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಯಾಕೆಟ್ಟು ಸಿಕ್ಕಿತು.
ಹಸಿರು ಹಕ್ಕಿ, ಕೆಂಪು ಮೆಣಸಿನಕಾಯಿ, 'ಗಿಳಿ ಖಾರ'.
ಹೆಸರಿನ ಪಕ್ಕ ಸುತ್ತು ಹಾಕಿ ಒಳಗೊಂದು ಆರ್.
(ಆ ಸುತ್ತು ನಾನೂ ಎಷ್ಟು ಗೋಡೆಗೆ ಇಟ್ಟಿದ್ದೇನೋ,
ಕೇಳಿದವರಿಗೆಲ್ಲ, ದೃಷ್ಟಿಬೊಟ್ಟು ಇಟ್ಟ ಹಾಗೆ.
ಕಾಗದವಿಲ್ಲದೆ ಇಡುವುದು ಅಪರಾಧವಂತೆ. ಯಾರು ಹೇಳಬೇಕು ನಮಗೆ?)

"ನಮ್ಮದು ಗಿಳಿ, ಅವರದು ಗಿಣಿ. ಅಕ್ಷರವೇ ಬೇರೆ ಸ್ವಾಮಿ" ಅಂದ ಅವನು.
"ಓದಲು ಬಾರದವಳ ಕಣ್ಣಿಗೆ ಯಾವ ಅಕ್ಷರ?" ಅಂದರು ಶಶಿರೇಖಾ.
ಎರಡನ್ನೂ ಒತ್ತಟ್ಟಿಗೆ ಇಟ್ಟು ಮತ್ತೆ ಕೇಳಿದರು:
"ತಗಡಿಗೆ ರಿವಿಟ್ ಇತ್ತು. ನಿಮ್ಮ ಪ್ಲಾಸ್ಟಿಕ್ಕಿಗೆ ಏನಿತ್ತು,
ಕಣ್ಣು ಯಾಕೆ ಜಾರಿತು?"
ಫ್ಯಾನಿನ ಸದ್ದು.
ಬಾಲದ ಕೆಳಗಿನ ಇರುವೆಗಳನ್ನು ಭೂತಗನ್ನಡಿ ಹಿಡಿದು ಎಣಿಸಿದರು.
ನನ್ನನ್ನು ಕೇಳಿದರು, ಚಿತ್ರ ಯಾರದು?
ಗಿಣಿ ಕೊಟ್ರಮ್ಮನದು ಸಾರ್,
ತಪ್ಪು ನನ್ನದು.

ಖಾರದ ಹದ ಮಾತ್ರ ಯಾವ ಅರ್ಜಿಯಲ್ಲೂ ಇಲ್ಲ.
ಪುಡಿ ಕುಟ್ಟುವ ದಿನ ಅವಳ ಬಾಗಿಲಿಗೆ ಇವತ್ತಿಗೂ ಅಗಳಿ.

ಕಾಗದ ಬಂತು. ಮತ್ತೆ ಏಣಿ ಹತ್ತಿದೆ,
ಮಾಸಿದ ಹಸಿರಿಗೆ ಹಸಿರು, ಕೆಂಪಿಗೆ ಕೆಂಪು,
ಹಕ್ಕಿನ ಸುತ್ತು ಹಾಕಿ ಒಳಗೆ ಆರ್ ಬರೆಯುವಾಗ
ಮೊದಲ ಸಲ ಕೈ ನಡುಗಿತು.
"ಕಣ್ಣೂ ಈಗಲಾದರೂ ಸರಿ ಮಾಡಿಬಿಡ್ತೀನವ್ವಾ" ಅಂತ ಬ್ರಷ್ಷು ಎತ್ತಿದೆ.

"ಏ! ಮುಟ್ಟಬ್ಯಾಡ.
ಅದು ರಿಜಿಸ್ಟರ್ ಆಗೇತಿ."

ಇಳಿದು ಬಂದಾಗ ಅಂಗೈಯಲ್ಲಿ ಐದರ ನಾಣ್ಯ ಇಟ್ಟಳು.
ಬಡ್ಡಿ ಕೇಳಲಿಲ್ಲ ನಾನು.