ಕಣ್ಣ ಹಿಂದಿನ ಕನ್ನಡಿ

ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಮೇಡಂ, ಸರಿಹೋಗುತ್ತದೆ
ಅಂದಿದ್ದ ಸಿಲ್ವೆಸ್ಟರ್. ತಿಕ್ಕಿದೆ.
ಲವಂಗದ ವಾಸನೆ ಬಂತು, ಬೆಳಕು ಬರಲಿಲ್ಲ.
ಹದಿನಾಲ್ಕು ವರ್ಷದ ಆಲ್ಟೊ. ಅದರ ದೀಪಕ್ಕೆ
ಮುದಿ ಎತ್ತಿನ ಕಣ್ಣಿಗೆ ಬರುವಂಥದೇ ಪೊರೆ.
ಎತ್ತಿನದಾಗಿದ್ದರೆ, ಇನ್ನು ರಾತ್ರಿ ಹೊರಗೆ ಬಿಡಬೇಡಿ
ಎಂದು ನಾನೇ ಹೇಳಿ ಕಳಿಸುತ್ತಿದ್ದೆ.

ಹನ್ನೊಂದಕ್ಕೆ ಫೋನು.
ಕರು ಅಡ್ಡ ಸಿಕ್ಕಿದೆ, ಒಂದೇ ಕಾಲು ಹೊರಗೆ.
ದೀಪ ರಿಪೇರಿಯಾಗಲಿ ಎಂದು ಕಾಲು ಕಾಯುವುದಿಲ್ಲ.
ಹಗ್ಗ, ಎಣ್ಣೆ, ಭುಜದುದ್ದದ ಗ್ಲೌಸು, ಕ್ಯಾಲ್ಸಿಯಂ ಬಾಟಲು
ಹಿಂದಿನ ಸೀಟಿಗೆ ಎಸೆದು ಹೊರಟೆ.

ರಿಪ್ಪನ್‌ಪೇಟೆಯ ಕೊನೆಯ ಬೀದಿದೀಪ ದಾಟಿದ ಮೇಲೆ
ರಸ್ತೆ ಅಂದರೆ ಬಾನೆಟ್ಟಿನ ಮುಂದೆ
ಚಾಪೆ ಹಾಸಿದಷ್ಟು ಹಳದಿ.
ಎರಡು ಮಾರು ಕಾಣುತ್ತದೆ. ಮೂರನೆಯದು ನಂಬಿಕೆ.
ತಿರುವುಗಳು ಬಾಯಿಪಾಠ:
ಎಡಕ್ಕೆ ಕೆರೆ ಏರಿ, ಬಲಕ್ಕೆ ಹಾಲಿನ ಡೈರಿ,
ಅಲ್ಲಿಂದ ಎಣಿಸಿದರೆ ಐದನೆಯದು ಕೆಟ್ಟದ್ದು.
ಬಾಯಿಪಾಠದಲ್ಲಿ ಹೊಸ ಗುಂಡಿ ಇರುವುದಿಲ್ಲ.

ಎದುರಿಗೊಂದು ಟಿಪ್ಪರು, ಹಣೆಯ ತುಂಬ ಎಲ್‌ಇಡಿ.
ಡಿಮ್ ಮಾಡಿದೆ. ಅವನು ಮಾಡಲಿಲ್ಲ.
ಮತ್ತೆ ಮತ್ತೆ ಬಡಿದೆ.
ನನ್ನದು ಡಿಮ್ಮೋ ಬ್ರೈಟೋ
ಅವನಿಗಾದರೂ ತಿಳಿಯುವುದು ಹೇಗೆ!
ಅವನು ದಾಟಿದ ಮೇಲೆ ಮೂರು ಸೆಕೆಂಡು
ಲೋಕವೆಲ್ಲ ನೇರಳೆ.
ಕಾಲು ಆಕ್ಸಿಲರೇಟರಿನ ಮೇಲೇ ಇತ್ತು, ಸುಳ್ಳು ಹೇಳುವುದಿಲ್ಲ.

ಇಲ್ಲೊಂದು ಮಾತು.
ಹಸುವಿನ ಕಣ್ಣ ಹಿಂದೆ ಕನ್ನಡಿಯೊಂದಿದೆ.
ಕಾಲೇಜಿನಲ್ಲಿ ಸೀಳಿ ನೋಡಿದ್ದೇನೆ: ನವಿಲುಗರಿಯ ಬಣ್ಣ,
ಮುಟ್ಟಿದರೆ ಒದ್ದೆ ರೇಷ್ಮೆ.
ಒಳಬಂದ ಬೆಳಕನ್ನು
ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ.
ಅದಕ್ಕೇ ಮೊಲ, ಪುನುಗು, ರಸ್ತೆಯಲ್ಲಿ ಮಲಗಿದ ಕರು
ಎಂಥ ಮಂಕು ದೀಪಕ್ಕೂ ಎರಡು ಕಿಡಿ ಹೊತ್ತಿಸಿ
ಇಲ್ಲಿದ್ದೇನೆ ಅನ್ನುತ್ತವೆ.
ಇಷ್ಟು ವರ್ಷದ ರಾತ್ರಿಗಳಲ್ಲಿ
ಒಂದು ಮೊಲವನ್ನೂ ಮೆಟ್ಟಿದವಳಲ್ಲ ನಾನು.
ಆ ಹೆಮ್ಮೆಯಲ್ಲೇ ಓಡಿಸುತ್ತಿದ್ದೆ,
ಕಿಡಿ ಇಲ್ಲದ ಕಡೆಯೆಲ್ಲ ರಸ್ತೆ ಖಾಲಿ ಎಂದುಕೊಂಡು.

ಮನುಷ್ಯನಿಗೆ ಆ ಕನ್ನಡಿ ಇಲ್ಲ.

ಐದನೆಯ ತಿರುವಿನಲ್ಲಿ
ಕತ್ತಲೆಗಿಂತ ತುಸು ದಪ್ಪನೆಯ ಕತ್ತಲೆ ಅಲುಗಿತು.
ಬ್ರೇಕು ಒತ್ತಿದ್ದು ನಾನಲ್ಲ, ಕಾಲು.
ಟೈರು ಕಿರುಚಿ, ಬಾಟಲು ಉರುಳಿ, ಎಂಜಿನ್ ನಿಂತು
ನನ್ನ ಬಂಪರಿಗೂ ಒಂದು ಮೀನಖಂಡಕ್ಕೂ ನಡುವೆ
ಒಂದು ಗೇಣು. ಅಷ್ಟೂ ಇತ್ತೋ ಇಲ್ಲವೋ.
ಕಪ್ಪು ಜರ್ಕಿನ್ನು. ಪೆಟ್ರೋಲು ಮುಗಿದ ಟಿವಿಎಸ್
ತಳ್ಳಿಕೊಂಡು ಹೋಗುತ್ತಿದ್ದ ಟೀಕಪ್ಪ
ತಿರುಗಿ ನಿಂತು ದೀಪವನ್ನೇ ನೋಡುತ್ತಿದ್ದಾನೆ,
ಕಣ್ಣು ಒಂದಿಷ್ಟೂ ಹೊಳೆಯುತ್ತಿಲ್ಲ.

"ಸದ್ದು ಕೇಳ್ತು ಅಮಾ. ತಿರುಗಿ ನೋಡಿದೆ.
ದೀಪ ಅಷ್ಟು ಸಣ್ಣಕೆ ಕಂಡ್ತಲ,
ಇನ್ನೂ ದೂರ ಅದೆ ಅಂದ್ಕಂಡೆ."

ಬೈಯಬಹುದಿತ್ತು. ಬೈಯಲಿಲ್ಲ.
ಗಾಡಿಯನ್ನು ಚರಂಡಿ ಬದಿಗೆ ಒರಗಿಸಿ ಪಕ್ಕ ಕೂತ.
ಎರಡನೆಯ ಗೇರು ದಾಟಲು ನನ್ನ ಕೈ ಒಪ್ಪಲಿಲ್ಲ.
ಅವನು ಕಿಟಕಿಯಿಂದ ತಲೆ ಹೊರಹಾಕಿ
ಬಲಕ್ಕೆ ಗುಂಡಿ ಅಮಾ, ಈಗ ಎಡಕ್ಕೆ, ಸ್ವಲ್ಪ ತಡೀರಿ
ಎನ್ನುತ್ತ ಹೋದ. ದಿನಾ ನಡೆದವನ ಲೆಕ್ಕ.
ದೀಪಕ್ಕಿಂತ ಅವನೇ ಮೊದಲು ಕಂಡ ಆ ಗುಂಡಿಗಳನ್ನು.

ತಡವಾಗಿತ್ತು. ಆದರೂ ಬದುಕಿತು ಕರು.
ಟಾರ್ಚು ಹಿಡಿದು ನಿಂತವನೂ ಟೀಕಪ್ಪನೇ.
ಲೋಳೆ ಒರೆಸಿ ಮುಖ ಎತ್ತಿದರೆ
ಹುಟ್ಟಿ ಹತ್ತು ನಿಮಿಷವಾಗಿಲ್ಲ,
ಆಗಲೇ ಎರಡು ಹಸಿರು ಕಿಡಿ.

ದೀಪ ಹೊಸದು ಹಾಕಿಸಬೇಕು.
ಎರಡೂವರೆ ಸಾವಿರ, ಬುಧವಾರ ಬನ್ನಿ ಅಂದಿದ್ದಾನೆ ಸಿಲ್ವೆಸ್ಟರ್.

ಮೂರು ಗಂಟೆಗೆ ವಾಪಸು. ಬಾಟಲಿಯಲ್ಲಿ ತಂದ ಪೆಟ್ರೋಲು ಹೊಯ್ದು
ಟಿವಿಎಸ್ ಒದೆಯುತ್ತಿದ್ದ ಅವನನ್ನು ನಿಲ್ಲಿಸಿದೆ.
ಗಾಡಿಯ ಹಿಂದಿನ ದೀಪ ಒಡೆದು ಯಾವ ಕಾಲವಾಗಿತ್ತೋ.
ಬ್ಯಾಗಿನಲ್ಲಿ ಎಮ್ಮೆಯ ಗೊರಸಿಗೆ ಸುತ್ತಿ ಉಳಿದ
ಬಿಳಿ ಪ್ಲಾಸ್ಟರು ಇತ್ತು.
ಜರ್ಕಿನ್ನಿನ ಬೆನ್ನಿಗೆ ಉದ್ದಕ್ಕೊಂದು, ಅಡ್ಡಕ್ಕೊಂದು ಅಂಟಿಸಿದೆ.
"ಎಂತದಮಾ ಇದು, ಗಾಯ ಇಲ್ಲದ ಕಡೆ?"

ಉತ್ತರ ಹೊಳೆಯಲಿಲ್ಲ. ಅವನು ಮುಂದೆ ಹೋದ.
ಎರಡು ಮಾರು. ಮೂರು. ನಾಲ್ಕನೆಯ ಮಾರಿಗೂ
ಮಸುಕಾಗಿ ಕಾಣುತ್ತಿತ್ತು
ಆ ಬಿಳಿ.