ಹಿಂದ ನಿಂತು ‘ಹಾಂ’ ಅನ್ನಾಂವ

ನಮ್ಮ ಕಂಪನಿ ಹನ್ನೊಂದು ತಿಂಗಳು ಬಾಳಿತು.
ಹೆಸರು ಪರ್ಸಿ ಬಾಯ್ಸ್.
ಸಿಡಿ ಮ್ಯಾಲ ‘ಪಾರ್ಸಿ ಬಾಯ್ಸ್’ ಅಂತ ಅಚ್ಚಾತು.
ಸೂಪರ್ ಮಾರ್ಕೆಟಿನ ಪ್ರಿಂಟರು ಒಂದು ದೀರ್ಘ ಹೆಚ್ಚಿಗಿ ಕೊಟ್ಟಿದ್ದ,
ಅದಕ್ಕ ರೊಕ್ಕ ಹಿಡೀಲಿಲ್ಲ.
ಬಾಯ್ಸ್ ಅನ್ನೋದೂ ಪೂರಾ ಖರೇ ಅಲ್ಲ.
ಮಾತೆಲ್ಲ ಎಸ್ತರಂದು.

ಶಹಾಬಾದ, ರೈಲ್ವೆ ಕ್ವಾರ್ಟರ್ಸಿನ ಹಿಂದ
ಹಗಲೆಲ್ಲ ಕಲ್ಲು ಪಾಲಿಶ್ ಮಾಡೋ ಶೆಡ್ಡು,
ರಾತ್ರಿ ನಮ್ಮದು.
ಚಾಂದಪಾಶಾನ ಖಾಲಾನ ಮಗ ಹೈದರಾಬಾದಿನಿಂದ
ಕವರಿಲ್ಲದ ಒಂದು ಸಿಡಿ ತಂದ.
ಹಾಡಿದಂವ ಯಾರು, ಯಾ ದೇಶದಂವ, ಗೊತ್ತಿಲ್ಲ.
ಒಂದು ಶಬ್ದ ತಿಳೀಲಿಲ್ಲ,
ಸಿಟ್ಟು ಪೂರಾ ತಿಳೀತು.
‘ಇದು ಹಾಡೇನೋ?’ ಅಂದೆ.
‘ಜಗಳ’ ಅಂದ ಚಾಂದ,
‘ಆದ್ರ ತಾಳ ತಪ್ಪಂಗಿಲ್ಲ.’

ಜಟ್ಟೆಪ್ಪಗ ಬಾಯೇ ಬ್ಯಾಂಡು.
ವಾಡಿ ಕಡಿಂದ ಸಿಮೆಂಟ್ ಗೂಡ್ಸ್ ಬರುವಾಗ
ಹಳಿ ಜೋಡಿನ ಮ್ಯಾಲ ಗಾಲಿ ಹಾರೋ ಲೆಕ್ಕ ಹಿಡದು
ಧುಕ್ ಚ, ಧುಧುಕ್ ಚ,
ಮುಂದಿನ ಹಲ್ಲಿನ ಸಂದಿಲಿಂದ ಗಾಳಿ ಬಿಟ್ಟರ
ಬ್ಲೇಡು ಕಲ್ಲಿಗಿ ತಾಗಿದಂಗ
ತ್ಸ್.

ನಾನು? ಚಾಂದ ಸಾಲು ಮುಗಿಸಿದ ಕೂಡ್ಲೆ
ಹಿಂದ ನಿಂತು ‘ಹಾಂ’ ಅನ್ನಾಂವ.
ನಗಬ್ಯಾಡ್ರಿ.
ಆ ಹಾಂ ಇಲ್ಲದಿದ್ರ ಅಂವಗ ಉಸಿರು ತಗೊಳ್ಳಕ ಜಾಗ ಇರಲಿಲ್ಲ.

ಎಸ್ತರಳದು ಸಂಡೇ ಸ್ಕೂಲಿನ ನೋಟ್‌ಬುಕ್ಕು.
ಮುಂದಿನಿಂದ ಬೈಬಲ್ ವಾಕ್ಯ, ಹಿಂದಿನಿಂದ ನಮ್ಮವು.
ನಡುವ ಎಲ್ಲಿ ಭೆಟ್ಟಿ ಆದವೋ ಆಕಿಗೇ ಗೊತ್ತು.

‘ಶಹಾಬಾದಿನ ಕಲ್ಲು ನಾನು, ಮೈಯೆಲ್ಲ ಧೂಳು,
ದಿಲ್ಲಿತನಕ ನೆಲ ಹಾಸೀವಿ, ನಮ್ಮನ್ಯಾಗ ಮಣ್ಣೇ ಕೇಳು.’
ಹಾಂ.

ಸ್ಟೇಜ್ ಹತ್ತಲಿಕ್ಕ ಆಕಿಗಿ ಮನ್ಯಾಗ ಬಿಡಲಿಲ್ಲ.
ಮೊದಲನೇ ಸಾಲಿನಾಗ ಕುಂತು ತುಟಿ ಅಲುಗಸ್ತಿದ್ದಳು,
ಚಾಂದ ಮರತಲ್ಲಿ ಆಕಿ ತುಟಿ ಓದತಿದ್ದ.

ಒಟ್ಟು ನಾಕು ಪ್ರೋಗ್ರಾಮ್.
ಒಂದಕ್ಕ ನಾವು ಮುಟ್ಟೋದ್ರಾಗ ಮಂದಿ ಉಂಡು ಹೋಗಿದ್ರು.
ಒಂದರಾಗ, ಕಲಬುರಗಿ ಕಾಲೇಜ್ ಗ್ಯಾದರಿಂಗಿನಾಗ,
ಮೂರನೇ ಸಾಲಿಗೇ ಕರೆಂಟ್ ಹೋತು.
ಕತ್ತಲ. ಜಟ್ಟೆಪ್ಪ ಬಾಯಿ ನಿಲ್ಲಿಸಲಿಲ್ಲ.
ಯಾರೋ ಬೆಂಚು ಬಡದ್ರು. ಎಲ್ಲರೂ ಬಡದ್ರು.
ಚಾಂದನ ದನಿ ಮೈಕಿಲ್ಲದ ಹಿಂದಿನ ಗ್ವಾಡಿ ಮುಟ್ಟಿ ಬಂತು,
ನಾ ‘ಹಾಂ’ ಅನ್ನೋಕಿಂತ ಮೊದಲೇ
ಐನೂರು ಮಂದಿ ಅಂದ್ರು.
ಅವತ್ತೇ ಬಿಟ್ಟಿದ್ರ ಛಲೋ ಇತ್ತು.

ಜೇವರ್ಗಿ ಕ್ರಾಸಿನಾಗ ಲೂನಾ ಸ್ಲಿಪ್ ಆತು.
ಜಟ್ಟೆಪ್ಪಗ ಏನೂ ಆಗಲಿಲ್ಲ,
ಮುಂದಿನ ಎರಡು ಹಲ್ಲು, ಅಷ್ಟೇ.
ಶೆಡ್ಡಿಗಿ ಬಂದು ನಿಂತ. ಧುಕ್ ಆತು.
ತ್ಸ್ ಬರಲಿಲ್ಲ. ಥ್ಫು ಅಂತ ಬಂತು.
ನಕ್ಕೆವಿ ನಾವು. ಅಂವನೂ ನಕ್ಕ.
ಆಮ್ಯಾಲ ಬರಲಿಲ್ಲ.

ಮುನ್ನೂರು ಸಿಡಿ ಹಾಕಿಸಿದ್ವಿ, ನಲವತ್ತೊಂದು ಹೋದವು.
ಉಳಿದವು ಅವ್ವ ಮಾಳಗಿ ಮ್ಯಾಲ
ಒಣಹಾಕಿದ ಶೇಂಗಾದ ಸುತ್ತ ಕಟ್ಟಿದಳು.
ಗುಬ್ಬಿ ಭಾಳ ದಿನ ಅಂಜಿದವು.

ಎಸ್ತರ್ ಬೀದರದಾಗ ನರ್ಸು, ನೈಟ್ ಡ್ಯೂಟಿ.
ನೋಟ್‌ಬುಕ್ಕು ಅದನೋ ಇಲ್ಲೋ, ನಾ ಕೇಳಿಲ್ಲ.
ನಾ ಸೇಡಂ ರಸ್ತೆದಾಗ ಟೈಲ್ಸ್ ಅಂಗಡಿ ಇಟ್ಟೀನಿ,
ಗುಜರಾತಿನ ಮಾಲು, ಕನ್ನಡಿಯಂಗ ಹೊಳೀತಾವ.
ಪರ್ಸಿ ಯಾರೂ ಕೇಳಂಗಿಲ್ಲ.
ಆ ಶೆಡ್ಡಿಗಿ ಬೀಗ ಬಿದ್ದು ಆರು ವರ್ಷ.
ಅದಕ್ಕ ನನ್ನ ಅಂಗಡಿನೂ ಒಂದು ಕಾರಣ ಅಂತ
ರಾತ್ರಿ ಶಟರ್ ಎಳಿಯಾಗ ಒಮ್ಮೊಮ್ಮೆ ಅನಸ್ತದ.

ಚಾಂದ ಸೀರಿ ಸೇಲಿನ ಆಟೋದಾಗ ಮೈಕ್ ಹಿಡಿತಾನ.
ಮೊನ್ನಿ ಗಿರಾಕಿ ಟೈಲ್ ಬಡದು ನೋಡಾಗ
ಹೊರಗ ಹೊಂಟಿದ್ದ:
‘ಅಕ್ಕಗೊಂದು ತಂಗಿಗೊಂದು, ಇಳಕಲ್ಲು ಬಂದಾದ,
ರೇಟ್ ಕೇಳಿ ಬಿದ್ದಿರಿ ಮತ್ತ, ಬಾಜುಕೇ ದವಾಖಾನಿ ಅದ’
ಅಂದು ಉಸಿರು ತಗೊಂಡ.

‘ಹಾಂ’ ಅಂದೆ.

‘ಏನಂದ್ರಿ?’ ಅಂದ ಗಿರಾಕಿ.
ಏನಿಲ್ರಿ.
ಫೂಟಿಗಿ ನಲವತ್ತೆರಡು.