ಊದಿದ ಲೆಕ್ಕ

ಭಟ್ಟಿ ಹೊತ್ತುವುದೂ ಮೂರಕ್ಕೇ,
ನನ್ನೆದೆ ಕಟ್ಟುವುದೂ ಮೂರಕ್ಕೇ.
ಇಪ್ಪತ್ತಾರು ವರ್ಷ, ಒಂದೇ ಪಾಳಿ.

ಹೊಟ್ಟು ಸುರಿದು ಮರಳು ಕಾಯಿಸಿ
ಉಪ್ಪು ಹಿಡಿದ ಅಕ್ಕಿ ಎಸೆದರೆ
ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳು
ಮೈ ಬಿರಿದು ಅರಳುತ್ತದೆ.
ಅದೇ ಹೊಗೆಯಲ್ಲಿ ನಾನು
ಸೂಜಿಗಣ್ಣಿಗೆ ಗಾಳಿ ಪೋಣಿಸುತ್ತ
ಗೋಡೆ ಹಿಡಿದಿರುತ್ತೇನೆ.

ಮಂಡಿಪೇಟೆಯಲ್ಲಿ ನನ್ನ ಹೆಸರು
ದಮ್ಮು ಮಕ್ಬೂಲ.
ಆಡುಸೋಗೆ ಕಷಾಯ ಕುಡಿದೆ, ತಾಯಿತ ಕಟ್ಟಿದೆ,
ಬಾಯಲ್ಲಿ ಮಿಡುಕುವ ಮೀನನ್ನೂ ನುಂಗಿದೆ.
ಪಂಪು ಮಾತ್ರ ಒಲ್ಲೆ ಅಂದೆ.
‘ಅದು ಚಟ, ಹಿಡಿದರೆ ಬಿಡೂದಿಲ್ಲ’ ಅಂತ
ಗುಟ್ಕಾ ಉಗುಳಿ ಹೇಳಿದ್ದ ಒಬ್ಬ.

ಕೊನೆಗೆ ನೀಲಿಯದನ್ನು ಕೊಂಡು
ಲುಂಗಿ ಮಡಿಕೆಯಲ್ಲಿ ಬಚ್ಚಿಟ್ಟೆ.
ಸಂದಿಯಲ್ಲಿ ನಿಂತು ಎಳೆದೆ,
ದಿನಕ್ಕೆ ಎರಡು, ನಾಲ್ಕು, ಎಂಟು.

ದೊಡ್ಡಾಸ್ಪತ್ರೆಯ ಸಿಸ್ಟರ್ ನೀಲವೇಣಿ ಬೈದಳು:
‘ಬೆಂಕಿ ಬಿದ್ದಮ್ಯಾಲೆ ನೀರು ಹೊಯ್ಯೋದು ಇದು.
ಬೀಳದಂಗೆ ನೋಡೋದು ಈ ಕಂದು ಬಣ್ಣದ್ದು.
ಚೆಂದಾಗಿದೀನಿ ಅನ್ನೋ ದಿನಾನೂ ತಗೋಬೇಕು,
ಆಮೇಲೆ ಬಾಯಿ ಮುಕ್ಕಳಿಸಬೇಕು.
ಭಟ್ಟಿಯೋನಿಗೆ ಬೆಂಕಿ ವಿಷ್ಯ
ನಾನು ಹೇಳಬೇಕೇನು?’

ಆಮೇಲೊಂದು ಕೊಳವೆ ಕೊಟ್ಟಳು, ಊದು ಅಂತ.
ಮುಳ್ಳು ತೆವಳಿ ತೆವಳಿ
ಇನ್ನೂರಕ್ಕೆ ಕೂತುಬಿಟ್ಟಿತು.
ಊರಿಗೆಲ್ಲ ಮಂಡಕ್ಕಿ ಅಳೆದವನು ನಾನು,
ಸೇರಿನ ಮೇಲೆ ಗೋಪುರ ಏರಿಸಿ ಕೊಟ್ಟವನು.
ನನ್ನ ಸೇರು ಅರ್ಧವೂ ತುಂಬಿರಲಿಲ್ಲ.

ಈಗ ಮಗಳು ಶಾಹೀನಾ
ಹಾಲಿನ ಲೆಕ್ಕದ ಪಕ್ಕ ಉಸಿರಿನದೂ ಬರೆಯುತ್ತಾಳೆ.
ಸೋಮವಾರ ಇನ್ನೂರ ತೊಂಬತ್ತು.
ಮಂಗಳವಾರ ಮುನ್ನೂರ ಹತ್ತು.
ಬುಧವಾರ ಪಕ್ಕದ ಭಟ್ಟಿಯಲ್ಲಿ ಟೈರು ಸುಟ್ಟರು,
ಇನ್ನೂರ ಇಪ್ಪತ್ತು. ಕೆಂಪು ಪೆನ್ನು.
ಗುರುವಾರ ಬರೆದಿಲ್ಲ, ನಾವು ಜಗಳಾಡಿದ್ದೆವು.

ಮಾಲೀಕ ನನ್ನನ್ನು ಜರಡಿಗೆ ಹಾಕಿದ್ದಾನೆ,
ಕೂಲಿ ನೂರು ರೂಪಾಯಿ ಕಡಿಮೆ.
ಹೋಗುವುದಲ್ಲವಂತೆ ಇದು.
ಮಾತು ಕೇಳುವ ಹಾಗೆ ಸಾಕಿಕೊಳ್ಳಬೇಕಂತೆ.
ಕೇಳುತ್ತದೆ, ಒಮ್ಮೊಮ್ಮೆ.
ಹೋದ ವಾರ ಮೂರು ಗಂಟೆ
ನನ್ನನ್ನು ಎಬ್ಬಿಸದೆ ದಾಟಿಹೋಯಿತು.

ನಿನ್ನೆ ಸಂಜೆ, ಗಾಡಿಯ ಮುಂದೆ,
ಮೆಣಸಿನಕಾಯಿ ಎಣ್ಣೆಗೆ ಬಿದ್ದ ಘಾಟು
ನೇರ ಎದೆಗೇ ಇಳಿಯಿತು.
ಸಂದಿ ಹುಡುಕಲಿಲ್ಲ ನಾನು.
ಅಷ್ಟು ಜನರ ಎದುರೇ ಪಂಪು ತೆಗೆದೆ,
ಅಲುಗಿಸಿದೆ, ಎಳೆದೆ, ಹತ್ತು ಎಣಿಸಿದೆ.

ಭಟ್ಟಿಗೆ ಸೇರಿ ಎಂಟು ತಿಂಗಳಾದ ಜಬಿ
ಕೆಮ್ಮು ನುಂಗುತ್ತ ನೋಡುತ್ತಿದ್ದ.
ಪೊಟ್ಟಣದ ಮಂಡಕ್ಕಿ ಮೆತ್ತಗಾಗುತ್ತಿತ್ತು ಅವನ ಕೈಯಲ್ಲಿ.
‘ಎಷ್ಟು ಕೊಟ್ಟೆ ಚಾಚಾ, ಅದಕ್ಕೆ?’ ಅಂದ.